ಮಾವನ ಕೆಮ್ಮು, ನನ್ನ ಗಂಟಲು

ಹೋದ ಶನಿವಾರ ಸೊರಬದಲ್ಲಿ ಶಿಕಾರಿಪುರದ ಬಸ್ಸು ಹತ್ತಿ ಕೂತಿದ್ದೆ. ಹಿಂದಿನ ಸೀಟಿನಲ್ಲಿ ಯಾರೋ ಕಡ್ಡಿ ಗೀರಿದರು. ಮೊದಲು ಗಂಧಕದ ಘಾಟು, ಅದರ ಬೆನ್ನಿಗೇ ಬೀಡಿಯ ಹೊಗೆ. ನಾನು ಏನೂ ಮಾಡಲಿಲ್ಲ, ನಂಬಿ, ಸುಮ್ಮನೆ ಕೂತಿದ್ದೆ. ಗಂಟಲು ಮಾತ್ರ ತನ್ನಷ್ಟಕ್ಕೆ ತಾನು ಮೂರು ಸಲ ಕೆಮ್ಮಿತು. ಟಿಕೇಟು ಹರಿಯುತ್ತಿದ್ದ ಕಂಡಕ್ಟರು ತಲೆ ಎತ್ತದೆ ಕೂಗಿದ:

"ಯಾರ್ರೀ ಅದು ಬೀಡಿ? ಆರ್ಸಿ ಮಾರಾಯ್ರೆ. ಇಲ್ಲೊಬ್ರು ಅಜ್ಜ ಕೆಮ್ಮಿ ಸಾಯ್ತಾ ಇದಾರೆ."

ಆಮೇಲೆ ತಲೆ ಎತ್ತಿ ಅಜ್ಜನನ್ನು ಹುಡುಕಿದ. ಅಜ್ಜನಿಗೆ ಇಪ್ಪತ್ತಾರು ವರ್ಷ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಮಡಿಲಲ್ಲಿ ಒಂದು ಪೊಟ್ಟಣ ಬೆಂಡು ಬತ್ತಾಸು. ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ ಟಿಕೇಟು ಕೊಟ್ಟು, ಸ್ವಲ್ಪ ದೂರವೇ ನಿಂತುಕೊಂಡ. ಆ ಕೆಮ್ಮು ನನ್ನದಲ್ಲಪ್ಪಾ ಎಂದು ಹೇಳೋಣವೆಂದುಕೊಂಡೆ. ಹೇಳಿದರೆ ಯಾರು ನಂಬುತ್ತಾರೆ? ನೀವಾದರೂ ನಂಬಲಿ ಎಂದು ಇಷ್ಟು ಬರೆಯುತ್ತಿದ್ದೇನೆ. ಅದು ನಮ್ಮ ರುದ್ರಪ್ಪ ಮಾವನ ಕೆಮ್ಮು.

ನನಗೆ ಚಿಕ್ಕಂದಿನಿಂದ ಒಂದು ಕೆಟ್ಟ ಚಾಳಿ. ಯಾರನ್ನೇ ನೋಡಿದರೂ ಮನೆಗೆ ಬರುವಷ್ಟರಲ್ಲಿ ಅವರು ನನ್ನ ಮೈಮೇಲೆ ಬಂದಿರುತ್ತಾರೆ. ದೇವರು ಬಂದಿದ್ದರೆ ಮರ್ಯಾದೆಯಾದರೂ ಸಿಗುತ್ತಿತ್ತು. ಬರುತ್ತಿದ್ದವರು ಅಂಚೆ ಹಂಚುವವರು, ಶ್ಯಾನುಭೋಗರು, ಸೊಪ್ಪು ಮಾರುವ ಮುದುಕಿ. ಅವರ ನಡಿಗೆ, ಮೂಗೆಳೆತ, ಎಲೆ ಅಡಿಕೆ ಉಗಿಯುವ ಮುನ್ನ ಬಾಯಿ ಓರೆ ಮಾಡುವ ರೀತಿ, ಎಲ್ಲವೂ ನನಗೆ ಬರುತ್ತಿತ್ತು. ಬಾರದೆ ಇದ್ದದ್ದು ಲೆಕ್ಕವೊಂದೇ. ಇಂಟರಿನಲ್ಲಿ ಎರಡು ಸಲ ನಪಾಸಾಗಿ, ಶಿಕಾರಿಪುರ ಪೇಟೆಯಲ್ಲಿದ್ದ ಮಾವನ ಜವಳಿ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ನಿಂತೆ. ನಪಾಸಾದವನ ಮುಖ ಹೇಗಿರುತ್ತದೆಂದು ಗಿರಾಕಿಗಳಿಗೆ ಅಭಿನಯಿಸಿ ತೋರಿಸುತ್ತಿದ್ದೆ. "ಅದೊಂದು ಪಾತ್ರ ಮಾತ್ರ ನೋಡ್ರಿ, ಕಲಿಸದೆ ಬರ್ತತಿ ಇವ್ನಿಗೆ" ಎನ್ನುತ್ತಿದ್ದರು ಮಾವ.

ಹೇಗೋ ಪಾಸಾಗಿ ಈಗ ಕುಪ್ಪಗಡ್ಡೆಯಲ್ಲಿ ಮೇಷ್ಟರಾಗಿದ್ದೇನೆ. ಮಾಡಿದ್ದುಣ್ಣೋ ಮಹರಾಯ ಎಂಬಂತೆ ಹುಡುಗರು ನನ್ನನ್ನೇ ಅಣಕಿಸುತ್ತಾರೆ. ಹೋದ ತಿಂಗಳು ಒಬ್ಬನನ್ನು ಹಿಡಿದು, ನನ್ನೆದುರಿಗೇ ಮಾಡಿ ತೋರಿಸೆಂದೆ. ಪಂಚೆಯ ಚುಂಗು ಹಿಡಿದು ನಡೆದ, ಬೋರ್ಡಿನ ಕಡೆ ತಿರುಗಿದ, ಎರಡು ಸಲ ಕೆಮ್ಮಿದ. ನಡಿಗೆಯೇನೋ ಸರಿ, ಕೆಮ್ಮನ್ನು ಎಲ್ಲಿಂದ ತಂದೆಯೋ, ನಾನೆಲ್ಲಿ ಕೆಮ್ಮುತ್ತೇನೆ ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿ "ಕೆಮ್ತೀರಿ ಸಾರ್" ಎಂದ. ಇನ್ನೂ ಪಳಗಬೇಕು ಇವನು ಎಂದು ನಕ್ಕು ಬಿಟ್ಟುಬಿಟ್ಟೆ.

ಮಾವನ ವಿಷಯಕ್ಕೆ ಬರುತ್ತೇನೆ. ಪೇಟೆಯಲ್ಲಿ ಅಂಗಡಿಗೊಂದು ಬೋರ್ಡಿದ್ದರೆ ಮಾವನ ಅಂಗಡಿಗೆ ಕೆಮ್ಮಿತ್ತು. ಬಳ್ಳಿಗಾವಿಯಿಂದ ಬಂದ ಗಿರಾಕಿಗಳು ಅಂಗಡಿ ಎಲ್ಲಿ ಎಂದು ಕೇಳಿದರೆ, ಜನ ಬೆರಳು ತೋರಿಸುತ್ತಿರಲಿಲ್ಲ. "ಒಂಚೂರು ತಡೀರಿ, ಕೇಳ್ತತಿ" ಎನ್ನುತ್ತಿದ್ದರು. ಆ ಕೆಮ್ಮಿಗೆ ಮೂರು ಅಂಕ. ಮೊದಲಿನವೆರಡು ಒಣಗಿದವು, ಅಂಗಡಿಯ ಹಲಗೆ ಬಾಗಿಲುಗಳನ್ನು ಒಂದರ ಪಕ್ಕ ಒಂದು ಕೂಡಿಸಿದಂತೆ ಟಕ್, ಟಕ್. ಮೂರನೆಯದು ಆಳದ್ದು. ಕೊಡ ಬಾವಿಯ ತಳ ಮುಟ್ಟಿ, ತುಂಬಿ, ಹಗ್ಗ ಜಗ್ಗಿ ಮೇಲೆ ಬರುವ ತನಕ ಅಂಗಡಿಯಲ್ಲಿದ್ದವರೆಲ್ಲ ಕಾಯಬೇಕು. ಬಂದ ಮೇಲೆ ಮಾವ ತುಟಿ ದುಂಡಗೆ ಮಾಡಿ, ಬಿಸಿ ಕಾಫಿ ಆರಿಸುವವರಂತೆ "ಫೂ..." ಎಂದು ಉದ್ದಕ್ಕೆ ಊದುತ್ತಿದ್ದರು. ಆಮೇಲೆ, ಏನೂ ಆಗದವರಂತೆ, "ಹಾಂ, ಎಷ್ಟು ಗಜ ಅಂದ್ರಿ?"

ಈ ಮೂರಂಕದ ನಾಟಕಕ್ಕೆ ದಿನಕ್ಕೆ ಎರಡು ಕಟ್ಟು ಬೀಡಿ ಖರ್ಚು. ಜೊತೆಗಾರರು ಕರೀಂ ಸಾಬರು. ನಮ್ಮ ಅಂಗಡಿಯ ಜಗಲಿಯ ಮೇಲೇ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ದರ್ಜಿ. ಇಬ್ಬರಿಗೂ ಒಂದು ನೇಮವಿತ್ತು: ಒಂದು ಕಡ್ಡಿಗೆ ಎರಡು ಬೀಡಿ. ಸಾಬರು ಕಡ್ಡಿ ಗೀರಿ ತಮ್ಮದು ಹಚ್ಚಿಕೊಂಡು, ಅಂಗೈಯಲ್ಲಿ ದೀಪ ಕಾಯ್ದಂತೆ ಕಾಯ್ದು ಪಕ್ಕಕ್ಕೆ ಚಾಚಬೇಕು. ಮಾವ ಬಗ್ಗಿ ಹಚ್ಚಿಕೊಳ್ಳಬೇಕು. ಒಬ್ಬರು ಸಂತೆಗೆ ಹೋದ ದಿನ ಇನ್ನೊಬ್ಬರು ಸೇದುವುದೇ ಕಡಿಮೆಯಾಗುತ್ತಿತ್ತು. ಕೆಮ್ಮು ಬಂದಾಗ, "ಅರೆ ರುದ್ರಪ್ಪಣ್ಣ, ಒಂದು ದಮ್ಮು ಎಳಿರಿ, ಕಫ ಕರಗ್ತದೆ" ಎಂದು ಸಾಬರೇ ಉಪಚಾರ ಮಾಡುತ್ತಿದ್ದರು.

ನಾನು ಆ ಕೆಮ್ಮನ್ನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ಹಿತ್ತಲಲ್ಲಿ ನಿಂತು ಕೆಮ್ಮಿದರೆ ಗೌರತ್ತೆ ಮಾವನಿಗೆಂದು ಕಷಾಯ ತರುತ್ತಿದ್ದಳು. ನಾನೇ ಕುಡಿಯಬೇಕಾಗುತ್ತಿತ್ತು. ಆಡುಸೋಗೆ ಸೊಪ್ಪಿನ ಕಷಾಯ ಕುಡಿದವರಿಗೆ ಗೊತ್ತು, ಅಣಕಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾವ ಕಾನೂನಿನಲ್ಲೂ ಇಲ್ಲ. ಮಾವ ಮಾತ್ರ ಸಿಟ್ಟಾಗುತ್ತಿರಲಿಲ್ಲ. "ಮೂರನೇದಕ್ಕೆ ದಮ್ಮು ಸಾಲ್ದು ನಿಂಗೆ. ಇನ್ನಾ ಮೂವತ್ತು ವರ್ಷ ಸೇದಬೇಕು" ಎಂದು ತಿದ್ದುತ್ತಿದ್ದರು.

ಆ ವರ್ಷ ಮಾವನ ಮಗನಿಗೆ ಹೆಣ್ಣುಮಗು ಹುಟ್ಟಿತು. ಪುಟ್ಟಿ. ಮನೆಯಲ್ಲಿ ಎಲ್ಲರ ತೊಡೆಯ ಮೇಲೂ ಅದು ತಿರುಗಿ ಬರುತ್ತಿತ್ತು, ಮಾವನ ತೊಡೆಯೊಂದನ್ನು ಬಿಟ್ಟು. ಅತ್ತೆ ಮಗುವನ್ನು ಹತ್ತಿರ ತಂದರೆ ಮಾವ ಎದ್ದೇ ಹೋಗುತ್ತಿದ್ದರು. "ಒಯ್ಯಿ ಅತ್ಲಾಗೆ. ಪಂಚಿ ಮ್ಯಾಲೆ ಉಚ್ಚಿ ಹೊಯ್ತತಿ." ಜವಳಿ ಅಂಗಡಿಯವರಿಗೆ ಒಂದು ಪಂಚೆಗೆ ಬರವೇ? ನನಗೆ ಹೊಸ ಪಾತ್ರ ಸಿಕ್ಕಿತು. ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ತೊಟ್ಟಿಲಿನಿಂದ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುವ ಅಜ್ಜ. ಸಾಬರು ನಕ್ಕು ನಕ್ಕು ಸೂಜಿಗೆ ದಾರ ಪೋಣಿಸಲಾಗದೆ ಕೂರುತ್ತಿದ್ದರು. ಮಾವನೂ ನಕ್ಕರು. ಅವರು ಸ್ವಲ್ಪ ತಡೆದು ನಕ್ಕದ್ದು ನನಗೆ ಕಾಣಲಿಲ್ಲ.

ಚಳಿಗಾಲ ಬಂದಾಗ ಕೆಮ್ಮು ಬಲಿಯಿತು. ಅಂಗಡಿಯಿಂದ ಮನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದರು. ನಿಂತಲ್ಲಿ ಯಾರನ್ನಾದರೂ ಕರೆದು ಮಾತಾಡಿಸುವ ನೆಪ. ಯಾರೂ ಸಿಗದಿದ್ದರೆ ಕತ್ತೆಯನ್ನಾದರೂ ನೋಡುತ್ತ ನಿಲ್ಲುತ್ತಿದ್ದರು. ಅಂಗಾತ ಮಲಗಲು ಆಗದೆ, ನಾಲ್ಕು ಲೋಡು ಒರಗಿಸಿಕೊಂಡು ಕೂತೇ ಇರುತ್ತಿದ್ದರು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ಅವ್ರು ಎದಿ ಮ್ಯಾಲೆ ಕೊಳವಿ ಇಟ್ರೆ ಇಲ್ಲದ್ದೆಲ್ಲ ಕೇಳ್ತತಿ" ಎಂದು ಸಾರಾಸಗಟು ನಿರಾಕರಣೆ. ಅತ್ತೆ ಅತ್ತಳು, ಹರಕೆ ಹೊತ್ತಳು, ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಒಂದು ಖಾಲಿ ಸೀಸೆ ತೊಳೆದು ನನ್ನ ಕೈಗೆ ಕೊಟ್ಟಳು.

ನಮ್ಮ ಕಡೆ ಇದು ಇದ್ದದ್ದೇ. ರೋಗಿ ಮನೆಯಲ್ಲಿ, ಸೀಸೆ ಡಾಕ್ಟರ ಹತ್ತಿರ. ಹೋದವನು ಹೀಗಿದೆ, ಹಾಗಿದೆ ಎಂದು ಹೇಳಿ ನೀರೌಷಧ ತುಂಬಿಸಿಕೊಂಡು ಬರುವುದು. ಆದರೆ ಅತ್ತೆ ಅದನ್ನು ಒಂದು ಹೆಜ್ಜೆ ಮುಂದೆ ಒಯ್ದಳು.

"ಬಾಯಿಲೆ ಹೇಳಿದ್ರೆ ಡಾಕ್ಟ್ರಿಗೆ ಏನು ತಿಳೀತತಿ? ನೀನು ಕೆಮ್ಮಿ ತೋರ್ಸು. ನಿಂದ್ಯಾವ್ದು ಅವ್ರದ್ಯಾವ್ದು ಅಂತ ಹೆಂಡ್ತಿ ನಂಗೇ ಗೊತ್ತಾಗಲ್ಲ. ಶಿಕಾರಿಪುರದಾಗೆ ಬ್ಯಾಡ, ಮಧ್ಯಾಹ್ನದೊಳಗೆ ಪೇಟಿಗೆಲ್ಲ ಸುದ್ದಿ ಆಕ್ಕತಿ. ಸೊರಬಕ್ಕೆ ಹೋಗು."

ಹೋದೆ. ಸೊರಬದ ಡಾಕ್ಟರು ದಪ್ಪ ಕನ್ನಡಕದ, ನಗದ ಮನುಷ್ಯ. ಏನು ತೊಂದರೆ ಎಂದರು. ನಾನು ಪೀಠಿಕೆಯಿಲ್ಲದೆ ಮೂರೂ ಅಂಕ ಆಡಿ ತೋರಿಸಿದೆ. ಅವರು ದಡಬಡಿಸಿ ಎದ್ದು ನನ್ನ ಎದೆಗೆ ಕೊಳವೆ ಇಟ್ಟರು. ಇಟ್ಟರು, ತೆಗೆದರು, ಬೆನ್ನಿಗಿಟ್ಟರು, ಕೊಳವೆಯನ್ನೇ ಒಮ್ಮೆ ತಟ್ಟಿ ನೋಡಿದರು.

"ಎಷ್ಟು ವರ್ಷದಿಂದ ಬೀಡಿ?"

"ನಲವತ್ತು ವರ್ಷದಿಂದ ಸಾರ್."

"ನಿಂಗೆ ವಯಸ್ಸೆಷ್ಟು?"

"ಇಪ್ಪತ್ತೆರಡು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಸೀಸೆಯನ್ನು ಅದರ ಪಕ್ಕ ಇಟ್ಟು ನಿಜ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. "ಇನ್ನೊಂದು ಸಲ ಮಾಡು. ಕೆಮ್ಮು ಬೇಡ, ಆಮೇಲೆ ಉಸಿರು ಬಿಡ್ತಾರಲ್ಲ, ಅದು" ಎಂದರು. ನಾನು ತುಟಿ ದುಂಡಗೆ ಮಾಡಿ ಊದಿದೆ. ಅವರ ಮುಖ ಬಿಗಿಯಾಯಿತು. ಕಫದ ಬಣ್ಣ ಏನು? ರಕ್ತ ಬೀಳುತ್ತದೆಯೇ? ಸಂಜೆ ಮೈ ಬಿಸಿಯಾಗುತ್ತದೆಯೇ? ಮೈ ಇಳಿದಿದೆಯೇ? ಅಷ್ಟು ದಿನ ಆ ಕೆಮ್ಮನ್ನು ಸ್ವರ ಹಿಡಿದು ಕಲಿತಿದ್ದೆ, ಹೇಗಿದೆ ಮಾವ ಎಂದು ಒಂದು ದಿನವೂ ಕೇಳಿರಲಿಲ್ಲ.

"ನಕಲು ಚೆನ್ನಾಗಿದೆ. ಆದ್ರೆ ನಕಲಿಗೆ ಔಷಧಿ ಕೊಡೋಕೆ ಬರಲ್ಲಪ್ಪ. ಅಸಲನ್ನ ಕರ್ಕೊಂಡು ಬಾ." ಸೀಸೆ ಖಾಲಿಯಾಗಿಯೇ ವಾಪಸು ಬಂತು.

ಹೊರಗಿನ ಬೆಂಚಿನ ಮೇಲೆ ಯಾರು ಕೂತಿದ್ದರೆಂದು ನಾನು ನೋಡಲಿಲ್ಲ. ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕರೀಂ ಸಾಬರು ಸೊರಬದಲ್ಲಿದ್ದ ತಂಗಿಯ ಮಗುವಿಗೆ ಜ್ವರವೆಂದು ಎತ್ತಿಕೊಂಡು ಬಂದು ಅಲ್ಲೇ ಕೂತಿದ್ದರು. ಒಳಗಿನಿಂದ ಕೆಮ್ಮು ಕೇಳಿ, ಸದ್ಯ ರುದ್ರಪ್ಪಣ್ಣ ಬಂದರಲ್ಲ ಎಂದು ಸಂತೋಷದಿಂದ ಬಾಗಿಲ ಸಂದಿಯಲ್ಲಿ ಇಣುಕಿದರಂತೆ. ಕೆಮ್ಮುತ್ತಿದ್ದವನು ನಾನು! ಎದುರಿಗೆ ಡಾಕ್ಟರ ಗಂಭೀರ ಮುಖ. ನನಗೇ ಏನೋ ದೊಡ್ಡ ರೋಗವೆಂದು ಸಾಬರು ತಿಳಿದರು. ಅವರು ಬಾಯಿ ಬಿಗಿಯುಳ್ಳ ಮನುಷ್ಯ, ಪೇಟೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಮಾವನೊಬ್ಬರಿಗೆ ಹೇಳಿದರು.

ಮಾರನೆಯ ದಿನ ಬೆಳಿಗ್ಗೆ ಮಾವ ಅಂಗಡಿಗೆ ಬಂದು ನನ್ನ ಪಕ್ಕ ಕೂತರು. ಬೀಡಿ ಹಚ್ಚಲಿಲ್ಲ.

"ಲೇ, ನಿಂಗೆ ಎಷ್ಟು ದಿನದಿಂದ ಐತಿ?"

"ಏನು ಮಾವ?"

"ಸೊರಬದಾಗೆ ಡಾಕ್ಟ್ರ ಮುಂದೆ ಕೆಮ್ಮಿದಾಂವ ನೀನಲ್ಲೇನು?"

"ನಾನೇ." ಇದು ಸುಳ್ಳಲ್ಲವಲ್ಲ.

ಮಾವ ಎದುರಿನ ಬಟ್ಟೆ ಥಾನನ್ನು ಬಿಚ್ಚಿ, ಮತ್ತೆ ಸುತ್ತಿ, ಮತ್ತೆ ಬಿಚ್ಚಿದರು. "ಅಣಕಸ್ತಾನೆ ಅಂತ ತಿಳ್ಕಂಡು ನಾನೂ ನಕ್ಕಂಡು ಕುಂತಿದ್ದೆ. ಅಣಕ ಅಲ್ಲ ಅದು. ನಂದೇ ಹತ್ತೈತಿ ನಿಂಗೆ. ದಿನಾ ಮಗ್ಗಲದಾಗೆ ನಿಲ್ಲಿಸ್ಕಂಡು ನಾನೇ ಹಚ್ಚಿದೆ. ಕ್ಷಯ ಅಂದ್ರೆ ಸುಮ್ನೆ ಅಲ್ಲೋ. ನಿಮ್ಮವ್ವಗೆ ನಾನು ಏನಂತ ಮಾರಿ ತೋರಿಸ್ಲಿ?"

ಅಷ್ಟೂ ದಿನ ಕೊಳವೆಗೆ ಏಕೆ ಹೆದರುತ್ತಿದ್ದರೆಂದು ಆಗ ಗೊತ್ತಾಯಿತು. ಮಾವ ಯಾರನ್ನೂ ಕೇಳದೆ ತಮಗೆ ಕ್ಷಯವೆಂದು ತಾವೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದರು. ನಿಜ ಹೇಳೋಣವೆಂದು ಬಾಯಿ ತೆರೆದೆ. ಮಾವನ ಬೆನ್ನಿಗೇ ಬಂದು ಅಂಗಡಿಯ ಒಳಬಾಗಿಲ ಹಿಂದೆ ನಿಂತಿದ್ದ ಅತ್ತೆ ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲೇ ಅಪ್ಪಣೆ ಕೊಟ್ಟಳು: ಕೆಮ್ಮು! ಕೆಮ್ಮಿದೆ. ಜನ್ಮದಲ್ಲಿ ನಾನು ನಾಚಿಕೆಪಟ್ಟು ಕೆಮ್ಮಿದ್ದು ಅದೊಂದೇ ಸಲ. ಮಾವ ತಟ್ಟನೆ ಎದ್ದು ರುಮಾಲು ಸುತ್ತಿಕೊಂಡರು. "ನಡಿ. ಈಗಿಂದೀಗ್ಲೇ ಸೊರಬಕ್ಕೆ. ನಾನೇ ಕರ್ಕಂಡು ಹೋಗ್ತೀನಿ."

ಹೀಗೆ, ರೋಗಿಯನ್ನು ಡಾಕ್ಟರ ಹತ್ತಿರ ಒಯ್ಯುತ್ತಿರುವ ನಾನು, ನನ್ನನ್ನು ಡಾಕ್ಟರ ಹತ್ತಿರ ಒಯ್ಯುತ್ತಿರುವ ರೋಗಿ, ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. "ಕಿಟಕಿ ಕಡಿಗೆ ನೀ ಕುಂದ್ರು, ಗಾಳಿ ಬರ್ತತಿ." ಅವರು ಕೆಮ್ಮಿದಾಗ ನಾನು ಅವರ ಬೆನ್ನು ಸವರಿದೆ, ನಾನು ಕೆಮ್ಮಿದಾಗ ಅವರು ನನ್ನ ಬೆನ್ನು ಸವರಿದರು. ನಮ್ಮ ಮುಂದಿನ ಎರಡು ಸೀಟು ತಾವಾಗಿಯೇ ಖಾಲಿಯಾದವು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಮಾವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು, ಬೀಡಿ ತುಟಿಗೂ ಬಂತು. ನನ್ನ ಕಡೆ ನೋಡಿದರು. ತೆಗೆದು ಕಟ್ಟಿನ ಸಮೇತ ಕಿಟಕಿಯಿಂದಾಚೆ ಹಾಕಿದರು. "ನಿನ್ನ ಎದಿಗೆ ಹೊಗಿ ಆಗಬಾರ್ದು" ಎಂದರು. ನಾನು ಆಮೇಲೆ ಸೊರಬದವರೆಗೂ ಕೆಮ್ಮಲಿಲ್ಲ. ಆಗಲಿಲ್ಲ.

ಡಾಕ್ಟರು ಮಾವನನ್ನು ನೋಡಿದವರೇ, "ಬನ್ನಿ, ಕೆಮ್ಮಿನ ಯಜಮಾನ್ರು ನೀವೇನಾ?" ಎಂದರು.

"ನಂದಿರ್ಲಿ ಬಿಡ್ರಿ. ಮೊದ್ಲು ಈ ಹುಡುಗನ್ನ ನೋಡ್ರಿ."

"ಅವನನ್ನ ಆಗ್ಲೇ ನೋಡಿದೀನಿ. ಕುದುರೆಯಂಥ ಎದೆ. ಅವನು ಇಲ್ಲಿ ಬಂದು ಕೆಮ್ಮಿದ್ದು ನಿಮ್ಮ ಕೆಮ್ಮು, ಔಷಧಿ ಕೇಳಿದ್ದೂ ನಿಮಗೇ."

ನಾನು ನೆಲದ ಹಾಸುಗಲ್ಲು ಎಣಿಸುತ್ತ ನಿಂತೆ.

"ಅಂದ್ರೆ ಹುಡುಗಗೆ ಏನೂ ಇಲ್ಲ?"

"ಏನೂ ಇಲ್ಲ."

"ಖರೇನಾ?"

"ಖರೆ."

ಮಾವ ಕುರ್ಚಿಯಲ್ಲಿ ಕುಸಿದು ಕೂತು, ಫೂ... ಎಂದು ಉದ್ದಕ್ಕೆ ಊದಿದರು. ಆಮೇಲೆ ಎದ್ದು ನನ್ನ ತಲೆಯ ಹಿಂಭಾಗಕ್ಕೆ ಒಂದು ಬಿಟ್ಟರು. "ಮಂಗ್ಯಾನಂಥಾಂವ್ನೆ!" ಮತ್ತೆ ನಕ್ಕರು, ನಗು ಕೆಮ್ಮಿಗೆ ಹೊರಳಿತು, ಮೂರೂ ಅಂಕ ಆಯಿತು, ಅಷ್ಟರಲ್ಲಿ ಡಾಕ್ಟರು ಅವರ ಅಂಗಿ ಬಿಚ್ಚಿಸಿ ಕೊಳವೆ ಇಟ್ಟಾಗಿತ್ತು. ಎದೆಯ ಮೇಲೆ ಬೆರಳಿಟ್ಟು ತಟ್ಟಿದರೆ ಖಾಲಿ ಡಬ್ಬದ ಸದ್ದು ನನಗೂ ಕೇಳಿತು.

ಕಫದ ಪರೀಕ್ಷೆ, ಶಿವಮೊಗ್ಗಕ್ಕೆ ಹೋಗಿ ಎದೆಯ ಎಕ್ಸರೇ, ಎಲ್ಲ ಮುಗಿಸಿ ಮತ್ತೆ ಸೊರಬಕ್ಕೆ ಹೋದೆವು. ಡಾಕ್ಟರು ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕ್ಷಯವಲ್ಲ ಎಂದರು. ನಲವತ್ತು ವರ್ಷದ ಹೊಗೆಗೆ ಶ್ವಾಸಕೋಶ ಹಿಗ್ಗಿ ಸಡಿಲವಾಗಿದೆ; ಒಳಗೆ ಹೋದ ಗಾಳಿ ಹೊರಗೆ ಬರುವುದಕ್ಕೆ ಒಪ್ಪುವುದಿಲ್ಲ.

"ನಮ್ಮನಿಗೆ ಬಂದ ನೆಂಟರಂಗೆ" ಎಂದರು ಮಾವ, ನನ್ನ ಕಡೆ ತಿರುಗಿ.

"ಹೋದದ್ದು ವಾಪಸು ಬರಲ್ಲ. ಇರೋದನ್ನ ಉಳಿಸ್ಕೊಬಹುದು. ಇವತ್ತಿಂದ ಬೀಡಿ ಬಿಡಬೇಕು. ಅಡಿಗೆಮನೆ ಹೊಗೆ ಹತ್ರ ಕೂರಬಾರದು. ಆ ತುಟಿ ದುಂಡಗೆ ಮಾಡಿ ಊದ್ತೀರಲ್ಲ, ಅದನ್ನ ಮಾತ್ರ ಬಿಡಬೇಡಿ. ನಿಮ್ಮ ಮೈ ತಾನೇ ಕಂಡ್ಕೊಂಡಿರೋ ಔಷಧಿ ಅದು."

ಮಾವ ಅದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. "ಹಂಗಾದ್ರೆ ಇದು ಅಂಟೂದಿಲ್ಲ?"

"ಅಂಟಲ್ಲ."

"ಸಣ್ಣ ಮಕ್ಕಳಿಗೆ?"

"ಯಾರಿಗೂ ಅಂಟಲ್ಲ ರೀ."

"ತೊಡಿ ಮ್ಯಾಲೆ ಕುಂದ್ರಿಸ್ಕಂಡ್ರೆ?"

ಎಷ್ಟೋ ಜನರ ಎದುರಿಗೆ ಎರಡು ಬೆರಳಲ್ಲಿ ಪಂಚೆ ಎತ್ತಿ ಹಿಡಿದು ನಗಿಸಿದವನು ನಾನು. ಆ ಪಾತ್ರವನ್ನು ಅವತ್ತೇ ಬಿಟ್ಟೆ. ಮಾವ ಮನೆಗೆ ಬಂದವರೇ ಕಾಲು ತೊಳೆದು, ಹೊಸ ಪಂಚೆ ಉಟ್ಟು, ಲೋಡಿಗೊರಗಿ ಕೂತು, "ಎಲ್ಲಿ, ತರ್ರಿ ಅದನ್ನ" ಎಂದರು. ಪುಟ್ಟಿ ತೊಡೆ ಮುಟ್ಟಿದ ಗಳಿಗೆಯಲ್ಲಿ, ಅಷ್ಟು ತಿಂಗಳಿನಿಂದ ತಡೆದಿಟ್ಟುಕೊಂಡಿದ್ದಳೋ ಎಂಬಂತೆ, ಹೊಸ ಪಂಚೆಯನ್ನು ತೋಯಿಸಿಬಿಟ್ಟಳು. ಮಾವ ಅಲುಗಾಡಲಿಲ್ಲ.

ಬೀಡಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಒಂದು ದಿನ ಗಿರಾಕಿಯ ಎದುರು ಇಳಕಲ್ ಸೀರೆ ಬಿಚ್ಚಿದರೆ ಸೆರಗಿನಿಂದ ಎರಡು ಬೀಡಿ ಉದುರಿದವು. ನಾನು ಥಾನುಗಳ ಹಿಂದೆ ನಿಂತು, ಮಾವನ ಕೈ ಎಲ್ಲಿಗಾದರೂ ಹೋಯಿತೋ, ಮಾವನದೇ ಕೆಮ್ಮನ್ನು ಮೂರಂಕ ಕೆಮ್ಮುತ್ತಿದ್ದೆ. "ನಂದು ನಂಗೇ ಮಾರ್ತಾನಲ್ಲ ಈ ಕಳ್ಳ" ಎಂದು ಕೈ ಹಿಂದಕ್ಕೆ ತೆಗೆಯುತ್ತಿದ್ದರು. ಸಾಬರು ಮಿಷನ್ನಿನ ಹತ್ತಿರ ಸೇದುವುದನ್ನು ಬಿಟ್ಟು ಬೀದಿಯಾಚೆಯ ಬೇವಿನ ಮರದಡಿಗೆ ಹೋಗುತ್ತಿದ್ದರು. ಅಲ್ಲಿ ಕಡ್ಡಿ ಗೀರಿ, ತಮ್ಮದು ಹಚ್ಚಿ, ಅಂಗೈಯಲ್ಲಿ ಕಾಯ್ದು ಪಕ್ಕಕ್ಕೆ ಚಾಚುತ್ತಿದ್ದರು. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಊದಿ ಆರಿಸುತ್ತಿದ್ದರು.

ಅತ್ತೆ ಒಗ್ಗರಣೆಯನ್ನು ಹಿತ್ತಲಿಗೆ ವರ್ಗ ಮಾಡಿದಳು. ಮಾವ ಹಾಗೆ ಮೂರು ವರ್ಷ ಇದ್ದರು. ನಿಂತು, ಕೂತು, ಊದಿ, ನಕ್ಕು. ಹೋದ ವರ್ಷ ಕಾರ್ತಿಕದಲ್ಲಿ, ಲೋಡಿಗೊರಗಿ ಕೂತಂತೆಯೇ, ಹೋದರು.

ಇಲ್ಲಿ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಬಸ್ಸಿನಲ್ಲಿ ಕೂತ ನನ್ನ ಮಡಿಲಲ್ಲಿ ಬೆಂಡು ಬತ್ತಾಸಿತ್ತು ಎಂದೆನಲ್ಲ, ಜೇಬಿನಲ್ಲಿ ಸಿಗರೇಟಿನ ಪ್ಯಾಕೂ ಇತ್ತು. ಮೇಷ್ಟರಾದ ಮೇಲೆ ಹತ್ತಿದ್ದು. ಮೊದಲು ಯಾರೋ ಶಾಲಾ ಇನ್ಸ್‌ಪೆಕ್ಟರರನ್ನು ಅಣಕಿಸಲೆಂದು ಕೈಯಲ್ಲಿ ಹಿಡಿದೆ; ಬರಿಗೈಯಲ್ಲಿ ಪಾತ್ರ ಕಟ್ಟುವುದಿಲ್ಲವೆಂದು ಹಚ್ಚಿದೆ; ಇನ್ಸ್‌ಪೆಕ್ಟರರು ವರ್ಗವಾಗಿ ಹೋದರು, ಸಿಗರೇಟು ಇಲ್ಲೇ ಉಳಿಯಿತು.

ಮನೆಗೆ ಹೋದೆ. ನಾಲ್ಕು ವರ್ಷದ ಪುಟ್ಟಿ ಬತ್ತಾಸಿನ ಪೊಟ್ಟಣ ಕಿತ್ತುಕೊಂಡು ತೊಡೆ ಏರಿದಳು. ಈಗ ನಾನೇ ಮಾವ.

"ಮಾವ, ಅಜ್ಜನ್ನ ಮಾಡು."

ಮೂರೂ ಅಂಕ ಕೆಮ್ಮಿದೆ. ಒಳಗೆ ಅತ್ತೆಯ ಕೈಯಲ್ಲಿದ್ದ ಪಾತ್ರೆಯ ಸದ್ದು ನಿಂತಿತು. ಪುಟ್ಟಿ ಮಾತ್ರ ತಲೆ ಅಲ್ಲಾಡಿಸಿದಳು. "ಅದಲ್ಲ. ಗಾಳಿದು."

ಯಾವ ಗಾಳಿ ಎಂದು ಕೇಳುವುದರೊಳಗೆ ಅವಳು ಕಣ್ಣು ಮುಚ್ಚಿ, ಮುಖವನ್ನು ನನ್ನ ಮುಖದ ಹತ್ತಿರ ತಂದು, ಹಣೆ ಮೇಲೆತ್ತಿ ಕಾದಳು. ತಿಳಿಯಿತು. ಡಾಕ್ಟರ ಔಷಧಿ ಅವಳಿಗೆ ಆಟವಾಗಿತ್ತು. ದಿನಾ ತೊಡೆಯ ಮೇಲೆ ಕೂತು, ಅಜ್ಜ ಉಸಿರು ಬಿಡುವುದನ್ನು ಮುಖವೊಡ್ಡಿ ಹಿಡಿದಿದ್ದಳು. ನಾನು ತುಟಿ ದುಂಡಗೆ ಮಾಡಿ ಊದಿದೆ. ಹಣೆಯ ಮೇಲಿನ ಕೂದಲು ಹಾರಿತು. ಇನ್ನೂ ಉದ್ದ, ಮಾವನಷ್ಟು ಉದ್ದ ಎಂದು ಎಳೆಯಹೋದೆ. ನಡುವೆ ಗಂಟಲು ಕೆರೆದು ಕೆಮ್ಮು ಬಂತು.

ಪುಟ್ಟಿ ಒಂದು ಕಣ್ಣು ತೆರೆದಳು. "ಇದು ಅಜ್ಜಂದಲ್ಲ."

"ಮತ್ತೆ ಯಾರದು?"

"ನಿಂದು."

ಶಾಲೆಯಲ್ಲಿ ನನ್ನನ್ನು ಅಣಕಿಸಿದ ಆ ಹುಡುಗ ಪಳಗಿದವನೇ, ಪಾಪ. ಪುಟ್ಟಿಯನ್ನು ಇಳಿಸಿ ಬಚ್ಚಲಿಗೆ ಹೋಗಿ, ಹಂಡೆಯ ಒಲೆಗೆ ಜೇಬಿನ ಪ್ಯಾಕು ಹಾಕಿದೆ. ಒಲೆ ಅಷ್ಟನ್ನೂ ಒಂದೇ ದಮ್ಮಿಗೆ ಎಳೆದು ಮುಗಿಸಿತು. ಹಿಂದೆ ಅತ್ತೆ ನಿಂತಿದ್ದಳು, ಕೈಯಲ್ಲಿ ಕಷಾಯದ ಲೋಟ.

"ಹಿಡಿ. ಈ ಸಲ ನಿಂದೇ ಅಂತ ಗೊತ್ತಾತು ನಂಗೆ" ಎಂದಳು.

ಮುಖ ಕಿವುಚದೆ ಕುಡಿದೆ. ಜಗಲಿಯಿಂದ ಪುಟ್ಟಿ ಕೂಗುತ್ತಿದ್ದಳು. ಹೋಗಿ ನೋಡಿದರೆ ಇನ್ನೂ ಕಣ್ಣು ಮುಚ್ಚಿಕೊಂಡು, ಹಣೆ ಮೇಲೆತ್ತಿಕೊಂಡೇ ಕೂತಿದ್ದಾಳೆ. ನಾನು ಪಕ್ಕದಲ್ಲಿ ಕೂತು, ಮೆಲ್ಲಗೆ, ನನ್ನ ಎದೆಯಲ್ಲಿದ್ದಷ್ಟು ಊದಿದೆ.